ಸೋತವರ ಮಾತೇ ಮೊದಲು

ಇಸ್ರೇಲ್‌ನಲ್ಲಿ ಮತ ಹಾಕುವವರು ಇವಿಎಂ ಗುಂಡಿ ಒತ್ತುವುದಿಲ್ಲ. ಮರೆಯ ಹಿಂದೆ ಒಂದು ತಟ್ಟೆ, ಅದರ ಖಾನೆಗಳಲ್ಲಿ ಆಯಾ ಪಕ್ಷದ ಗುರುತಿನ ಅಕ್ಷರಗಳು ಅಚ್ಚಾದ ಚೀಟಿಗಳು. ಒಪ್ಪಿದ ಚೀಟಿಯನ್ನು ಲಕೋಟೆಗೆ ಸೇರಿಸಿ ಪೆಟ್ಟಿಗೆಗೆ ಹಾಕಿ ಬರುತ್ತಾರೆ. 2019ರ ಏಪ್ರಿಲ್‌ನಿಂದ 2022ರ ನವೆಂಬರ್‌ವರೆಗೆ ಅಲ್ಲಿನ ಜನ ಐದು ಸಲ ಹೀಗೆ ಚೀಟಿ ಆರಿಸಿದರು. 120 ಸ್ಥಾನಗಳ ಸಂಸತ್ತು ಕ್ನೆಸೆಟ್‌ನಲ್ಲಿ ಮೊದಲ ನಾಲ್ಕು ಸಲ ಗಟ್ಟಿ ಬಹುಮತ ಕೂಡಿಬರಲೇ ಇಲ್ಲ.

ಈ ಜಗ್ಗಾಟ ನೋಡುವಾಗ ಯೆಹೂದಿ ಧರ್ಮಗ್ರಂಥ ತಾಲ್ಮುದ್‌ನ ಒಂದು ಪ್ರಸಂಗ ನನಗೆ ಮತ್ತೆ ಮತ್ತೆ ನೆನಪಾಗುತ್ತಿತ್ತು. ಎರಡು ಸಾವಿರ ವರ್ಷಗಳ ಹಿಂದಿನ ಗುರುಗಳು ಹಿಲ್ಲೆಲ್ ಮತ್ತು ಶಮ್ಮಾಯ್. ಅವರ ಶಿಷ್ಯರು ಧರ್ಮಶಾಸ್ತ್ರ ನಮ್ಮ ಕಡೆಗಿದೆ, ನಮ್ಮ ಕಡೆಗಿದೆ ಎಂದು ಮೂರು ವರ್ಷ ವಾದಿಸಿದರಂತೆ. ಕೊನೆಗೆ ಅಶರೀರವಾಣಿಯಾಯಿತು. ಇಬ್ಬರ ಮಾತೂ ದೇವರದೇ, ಆದರೆ ನಡೆದುಕೊಳ್ಳಬೇಕಾದದ್ದು ಹಿಲ್ಲೆಲ್ ಪಂಥದಂತೆ ಎಂದಿತು. ಎರಡೂ ದೇವರದೇ ಆದರೆ ಒಂದು ಗೆದ್ದದ್ದೇಕೆ? ಹಿಲ್ಲೆಲ್ ಕಡೆಯವರು ಸೌಮ್ಯರು, ಸೈರಣೆಯುಳ್ಳವರು. ಎದುರಾಳಿಯ ವಾದವನ್ನೂ ಕಲಿಸುತ್ತಿದ್ದರು, ಅದನ್ನೇ ಮೊದಲು ಹೇಳಿ ತಮ್ಮದನ್ನು ಆಮೇಲೆ ಹೇಳುತ್ತಿದ್ದರು ಎಂಬುದು ತಾಲ್ಮುದ್ ಕೊಡುವ ಉತ್ತರ. ಕೆಲವು ವಿಷಯಗಳಲ್ಲಿ ಶಮ್ಮಾಯ್ ಕಡೆಯ ವಾದ ಕೇಳಿ ತಮ್ಮ ನಿಲುವನ್ನೇ ಬದಲಿಸಿದ್ದೂ ಉಂಟು.

ಅವರ ಜಗಳ ಸಣ್ಣದಾಗಿರಲಿಲ್ಲ. ಒಬ್ಬರು ಒಪ್ಪಿದ ಮದುವೆ ಇನ್ನೊಬ್ಬರ ಲೆಕ್ಕದಲ್ಲಿ ನಿಷಿದ್ಧ. ಆದರೂ ಎರಡು ಪಂಥಗಳ ನಡುವೆ ಹೆಣ್ಣು ಕೊಟ್ಟು ತರುವುದು ನಿಲ್ಲಲಿಲ್ಲ. ಮತ ಬೇರೆಯೆಂದು ಅಣ್ಣತಮ್ಮಂದಿರೇ ಮಾತು ಬಿಡುವ ಈ ಕಾಲದಲ್ಲಿ ಆ ಬೀಗತನ ನನ್ನನ್ನು ಕಲಕುತ್ತದೆ.

ಕ್ರಿ.ಶ. 200ರ ಸುಮಾರಿಗೆ ರಬ್ಬಿ ಯೆಹೂದಾ ಯೆಹೂದಿ ಧರ್ಮಶಾಸ್ತ್ರದ ಸಂಗ್ರಹವಾದ ಮಿಶ್ನಾವನ್ನು ಸಂಕಲಿಸಿದಾಗ ಬಿದ್ದುಹೋದ ಅಭಿಪ್ರಾಯಗಳೂ ಅದರಲ್ಲಿ ಉಳಿದವು. ಮುಂದೊಂದು ನ್ಯಾಯಸಭೆಗೆ ಅದೇ ಸರಿ ಕಂಡರೆ ಆಧಾರ ಬೇಕಲ್ಲ ಎಂಬುದು ಅಲ್ಲಿಯೇ ಹೇಳಿರುವ ಒಂದು ಕಾರಣ.

ಇಸ್ರೇಲ್‌ನ ಐದನೆಯ ಚುನಾವಣೆಯಲ್ಲಿ, 2022ರ ನವೆಂಬರ್‌ನಲ್ಲಿ, ನೆತನ್ಯಾಹು ಬಣಕ್ಕೂ ಅವರ ವಿರೋಧಿಗಳಿಗೂ ಬಿದ್ದ ಮತ ಹೆಚ್ಚುಕಡಿಮೆ ಸಮ. ಆದರೆ ವಿರೋಧಿಗಳ ಪೈಕಿ ಮೆರೆಟ್ಜ್ ಮತ್ತು ಬಲದ್ ಪಕ್ಷಗಳು ಸ್ಥಾನ ಪಡೆಯಲು ಬೇಕಾದ ಶೇ 3.25ರ ಮತಮಿತಿ ದಾಟಲಿಲ್ಲ, ಅವಕ್ಕೆ ಬಿದ್ದ ಮತ ಲೆಕ್ಕಕ್ಕೇ ಬರಲಿಲ್ಲ. ನೆತನ್ಯಾಹು ಬಣಕ್ಕೆ 64 ಸ್ಥಾನ ಸಿಕ್ಕಿತು. ಕಾನೂನಿನ ಪ್ರಕಾರ ಅದು ಪೂರ್ಣ ಗೆಲುವು, ಅದನ್ನು ಅಲ್ಲಗಳೆಯುವಂತಿಲ್ಲ. ಆದರೆ ಹಿಲ್ಲೆಲ್ ಪಂಥ ಕೇಳುತ್ತಿದ್ದ ಪ್ರಶ್ನೆ ಅಲ್ಲಿಂದಲೇ ಶುರುವಾಗುತ್ತದೆ: ಚೀಟಿ ವ್ಯರ್ಥವಾದವರ ಮಾತನ್ನು ಈಗ ಯಾರು ಮೊದಲು ಹೇಳುತ್ತಾರೆ?

ಯಾರೂ ಹೇಳಲಿಲ್ಲ. 2023ರ ಜನವರಿಯಲ್ಲಿ ನ್ಯಾಯಾಂಗದ ಅಧಿಕಾರ ಮೊಟಕುಗೊಳಿಸುವ ಯೋಜನೆ ಹೊರಬಿತ್ತು. ಶನಿವಾರದ ರಾತ್ರಿಗಳಲ್ಲಿ ಟೆಲ್ ಅವೀವ್‌ನ ಕಪ್ಲಾನ್ ಬೀದಿ ಪ್ರತಿಭಟನಕಾರರಿಂದ ತುಂಬಿಹೋಯಿತು. ಜುಲೈ 24ರಂದು ಆ ಯೋಜನೆಯ ಮೊದಲ ಪ್ರಮುಖ ಕಾನೂನು 64–0 ಮತಗಳಿಂದ ಅಂಗೀಕಾರವಾಯಿತು. ವಿರೋಧಿಗಳು ಮತದಾನ ಬಹಿಷ್ಕರಿಸಿದ್ದರು. ಆ ಸೊನ್ನೆ ನನಗೆ ಸಂಕಟ ತರುತ್ತದೆ. ಕೇಳಿಸಿಕೊಳ್ಳದ ಗೆಲುವಿನದೂ ಅದು, ಎದ್ದುಹೋದ ಸೋಲಿನದೂ.

2024ರ ಜನವರಿ 1ರಂದು ಸುಪ್ರೀಂ ಕೋರ್ಟ್ ಆ ಕಾನೂನನ್ನು ರದ್ದು ಮಾಡಿತು. ಪೀಠದಲ್ಲಿದ್ದ 15 ನ್ಯಾಯಮೂರ್ತಿಗಳಲ್ಲಿ ಎಂಟು ಮಂದಿ ಒಂದು ಕಡೆ, ಏಳು ಮಂದಿ ಇನ್ನೊಂದು ಕಡೆ. ನೂರಾರು ಪುಟಗಳ ಆ ತೀರ್ಪಿನಲ್ಲಿ ಸೋತ ಏಳು ಮಂದಿಯ ವಾದವೂ ಅಚ್ಚಾಗಿದೆ.