ಹುಲ್ಲು ಕೊಚ್ಚುವ ಯಂತ್ರ: ಕೆಲಸ ಮಾಡುವವರಿಗೂ ಮಾಡಿಸುವವರಿಗೂ ಕೆಲವು ಎಚ್ಚರಿಕೆಯ ಮಾತುಗಳು

ಮಳೆಗಾಲ ಮುಗಿಯುತ್ತಿದ್ದಂತೆ ನಮ್ಮ ಕರಾವಳಿಯಲ್ಲಿ ಎಲ್ಲಿ ನೋಡಿದರೂ ಸೊಂಟದೆತ್ತರದ ಹುಲ್ಲು. ಚರ್ಚ್ ಆವರಣ, ಶಾಲಾ ಮೈದಾನ, ಅಡಿಕೆ ತೋಟ, ನವೆಂಬರ್ 2ರ ಮೃತರ ಸ್ಮರಣೆಯ ದಿನಕ್ಕೆ ಮುನ್ನ ದಫನ ಭೂಮಿ, ಹೀಗೆ ಎಲ್ಲವೂ ಸ್ವಚ್ಛವಾಗಬೇಕು. ಹಿಂದೆ ಈ ಕೆಲಸಕ್ಕೆ ಹತ್ತಾರು ಮಂದಿ ಕತ್ತಿ ಹಿಡಿದು ಬರುತ್ತಿದ್ದರು. ಈಗ ಯಂತ್ರವನ್ನು ಹೆಗಲಿಗೆ ತೂಗುಹಾಕಿಕೊಂಡ ಇಬ್ಬರು ಬಂದರೆ ಸಂಜೆಯೊಳಗೆ ಕೆಲಸ ಮುಗಿಯುತ್ತದೆ. ಗಾಲ್ಫ್ ಮೈದಾನಗಳಲ್ಲಿ ಬಳಸುವ, ಕುಳಿತು ಓಡಿಸುವ ಯಂತ್ರಗಳು ನಮ್ಮ ಗುಡ್ಡದ ಇಳಿಜಾರಿಗೂ ಮುರಕಲ್ಲಿನ ನೆಲಕ್ಕೂ ಒಗ್ಗುವುದಿಲ್ಲ. ಆದ್ದರಿಂದಲೇ ಬ್ರಷ್ ಕಟ್ಟರ್ ಅಥವಾ ವೀಡ್ ಕಟ್ಟರ್ ಎಂದು ಕರೆಯುವ ಈ ಯಂತ್ರ ನಮ್ಮಲ್ಲಿ ಮನೆಮಾತಾಗಿದೆ.

ಆದರೆ ಇದನ್ನು ಬಳಸುವ ರೀತಿ ನೋಡಿದರೆ ಆತಂಕವಾಗುತ್ತದೆ. ಕಾಲಿಗೆ ಹವಾಯಿ ಚಪ್ಪಲಿ, ಉಟ್ಟದ್ದು ಲುಂಗಿ, ಕಣ್ಣಿಗೆ ಏನೂ ಇಲ್ಲ. ಯಂತ್ರ ಓಡುತ್ತಿರುವಾಗಲೇ ಪಕ್ಕದಲ್ಲಿ ಹುಲ್ಲು ರಾಶಿ ಹಾಕುವವರು, ಆಟವಾಡುವ ಮಕ್ಕಳು. ಇದು ಎಲ್ಲೋ ಒಂದೆರಡು ಕಡೆ ಕಾಣುವ ದೃಶ್ಯವಲ್ಲ.

ಅಪಾಯ ಎಲ್ಲಿದೆ?

ಬ್ಲೇಡ್ ತಾಗಿದರೆ ಕಾಲು ಹೋಗುತ್ತದೆ ಎಂಬುದು ಎಲ್ಲರಿಗೂ ಗೊತ್ತು. ಆದರೆ ಬ್ಲೇಡಿನಿಂದ ದೂರವಿದ್ದವರಿಗೂ ಅಪಾಯವಿದೆ ಎಂಬುದು ಹಲವರಿಗೆ ತಿಳಿಯದು. 10 ಅಂಗುಲದ ಬ್ಲೇಡ್ ನಿಮಿಷಕ್ಕೆ 7,000 ಸುತ್ತು ತಿರುಗಿದರೆ ಅದರ ಅಂಚು ಗಂಟೆಗೆ 330 ಕಿ.ಮೀ.ಗೂ ಅಧಿಕ ವೇಗದಲ್ಲಿ ಚಲಿಸುತ್ತಿರುತ್ತದೆ. ಈ ವೇಗದಲ್ಲಿ ತಾಗಿದ ಜಲ್ಲಿ, ಗಾಜಿನ ಚೂರು, ತಂತಿಯ ತುಂಡು ಯಾವ ದಿಕ್ಕಿಗೆ ಚಿಮ್ಮುತ್ತದೆಂದು ಹೇಳಲಾಗದು. ಚರ್ಮಕ್ಕೆ ತಾಗಿದರೆ ಗಾಯ ಮಾಯುತ್ತದೆ, ಕಣ್ಣಿಗೆ ತಾಗಿದರೆ ಹೋದ ದೃಷ್ಟಿ ಮರಳುವುದು ಕಷ್ಟ. ಯಂತ್ರ ತಯಾರಕರು ಬೇರೆಯವರು ಕನಿಷ್ಠ 15 ಮೀಟರ್, ಅಂದರೆ ಸುಮಾರು 50 ಅಡಿ ದೂರದಲ್ಲಿರಬೇಕೆಂದು ಹೇಳುವುದು ಇದೇ ಕಾರಣಕ್ಕೆ. ಯಂತ್ರ ಹಿಡಿದವರೊಡನೆ ಮಾತನಾಡಬೇಕಾದರೆ ಹಿಂದಿನಿಂದ ಹೋಗಿ ಹೆಗಲು ತಟ್ಟಬಾರದು. ಅವರ ಕಣ್ಣಿಗೆ ಬೀಳುವಂತೆ ದೂರದಲ್ಲಿ ನಿಂತು ಕೈಸನ್ನೆ ಮಾಡಿ, ಬ್ಲೇಡ್ ಪೂರ್ತಿ ನಿಂತ ಬಳಿಕವೇ ಹತ್ತಿರ ಹೋಗಬೇಕು.

ಮೈಮೇಲೆ ಏನಿರಬೇಕು?

1. ಕಣ್ಣಿಗೆ: ಬದಿಗಳೂ ಮುಚ್ಚುವ ಸುರಕ್ಷತಾ ಕನ್ನಡಕ. ಓದುವ ಕನ್ನಡಕವಾಗಲಿ ತಂಪು ಕನ್ನಡಕವಾಗಲಿ ಇದಕ್ಕೆ ಬದಲಿಯಲ್ಲ. ಮುಖಕ್ಕೆ ಜಾಲರಿಯ ಕವಚವಿದ್ದರೂ ಒಳಗೆ ಕನ್ನಡಕ ಬೇಕೇ ಬೇಕು, ಏಕೆಂದರೆ ಸಣ್ಣ ಚೂರುಗಳು ಜಾಲರಿಯನ್ನು ದಾಟಿ ಬರುತ್ತವೆ.

2. ಕಿವಿಗೆ: ಪೆಟ್ರೋಲ್ ಯಂತ್ರದ ಸದ್ದು ಸಾಮಾನ್ಯವಾಗಿ 90 ಡೆಸಿಬಲ್ ದಾಟುತ್ತದೆ. ಕಿವಿಯ ರಕ್ಷಣೆಯಿಲ್ಲದೆ 85 ಡೆಸಿಬಲ್ ಸದ್ದಿನಲ್ಲಿ ದಿನಕ್ಕೆ 8 ಗಂಟೆ ಇರಬಹುದಾದರೆ, 94 ಡೆಸಿಬಲ್ ಸದ್ದಿನಲ್ಲಿ ಒಂದೇ ಗಂಟೆ ಎಂಬುದು ತಜ್ಞರು ಹಾಕಿಕೊಟ್ಟ ಮಿತಿ. ಹತ್ತಿ ತುರುಕಿದರೆ ಸಾಲದು, ಇಯರ್ ಪ್ಲಗ್ ಅಥವಾ ಇಯರ್ ಮಫ್ ಬೇಕು.

3. ಕೈಕಾಲಿಗೆ: ಗಮ್ ಬೂಟ್ ಅಥವಾ ಗಟ್ಟಿ ಶೂ, ದಪ್ಪ ಬಟ್ಟೆಯ ಉದ್ದ ಪ್ಯಾಂಟ್, ಕೈಗವಸು. ಲುಂಗಿ, ಕೊರಳಿಗೆ ಸುತ್ತಿದ ಬೈರಾಸು, ಇಳಿಬಿದ್ದ ಸರ ಬೇಡ.

4. ಹೆಗಲಿಗೆ: ಯಂತ್ರದ ಜೊತೆ ಬರುವ ಬೆಲ್ಟ್. ಕೈಯಲ್ಲೇ ಹಿಡಿದು ಕೆಲಸ ಮಾಡಿದರೆ ಆಯತಪ್ಪಿದಾಗ ಬ್ಲೇಡ್ ಕಾಲಿನತ್ತ ಬರುತ್ತದೆ. ಬೆಲ್ಟನ್ನು ಒಮ್ಮೆಗೇ ಕಳಚುವ ಕೊಂಡಿ ಎಲ್ಲಿದೆಯೆಂದು ಮೊದಲೇ ತಿಳಿದಿರಬೇಕು.

ಮೊದಲು ನೆಲ, ಆಮೇಲೆ ಯಂತ್ರ

ಯಂತ್ರ ಚಾಲೂ ಮಾಡುವ ಮುನ್ನ ಜಾಗವನ್ನು ಒಮ್ಮೆ ನಡೆದು ನೋಡಬೇಕು. ಕಲ್ಲು, ಬಾಟಲಿ, ಬೇಲಿಯ ತಂತಿ, ತೆಂಗಿನ ಗೆರಟೆ ಹೆಕ್ಕಿ ತೆಗೆಯಬೇಕು. ದಫನ ಭೂಮಿಯಲ್ಲಿ ಇನ್ನಷ್ಟು ಜಾಗ್ರತೆ ಬೇಕು. ಮೇಣದ ಬತ್ತಿಯ ಗಾಜಿನ ಲೋಟ, ಹೂದಾನಿಯ ಚೂರು, ಹಾರಗಳ ತಂತಿ ಹುಲ್ಲಿನಡಿ ಮರೆಯಾಗಿರುತ್ತವೆ. ಕಲ್ಲು ತೆಗೆಯಲಾಗದಿದ್ದರೆ ಪಕ್ಕದಲ್ಲಿ ಕೋಲು ನೆಟ್ಟು ಗುರುತು ಮಾಡಿರಿ. ಪೊದೆಗಳನ್ನು ಉದ್ದನೆಯ ಕೋಲಿನಿಂದ ಅಲುಗಾಡಿಸಿ ನೋಡಿದರೆ ಹಾವಿದ್ದರೆ ಸರಿದುಹೋಗುತ್ತದೆ, ಕಣಜದ ಗೂಡಿದ್ದರೆ ತಿಳಿಯುತ್ತದೆ. ಹತ್ತಿರದಲ್ಲಿ ನಿಲ್ಲಿಸಿದ ವಾಹನಗಳನ್ನು ಸರಿಸಿ, ಶಾಲೆಯ ಬಳಿಯಾದರೆ ರಜಾ ದಿನವನ್ನೇ ಆರಿಸಿರಿ.

ಬ್ಲೇಡೋ, ನೈಲಾನ್ ದಾರವೋ?

ಎಳೆ ಹುಲ್ಲಿಗೆ, ಗೋಡೆ ಮತ್ತು ಸಮಾಧಿಗಳ ಅಂಚಿಗೆ ನೈಲಾನ್ ದಾರ ಸೂಕ್ತ. ಅದು ಕಲ್ಲಿಗೆ ತಾಗಿದರೆ ಸವೆಯುತ್ತದೆ, ಒಡೆಯುವುದಿಲ್ಲ. ಆದರೂ ಸಣ್ಣ ಕಲ್ಲುಗಳನ್ನು ಚಿಮ್ಮಿಸುವುದರಿಂದ ಕನ್ನಡಕವನ್ನು ಬಿಡುವಂತಿಲ್ಲ. ಬಲಿತ ಗಿಡಗಂಟಿ, ಪೊದೆಗಳಿಗೆ ಕಬ್ಬಿಣದ ಬ್ಲೇಡ್ ಬೇಕು. ದಾರ ಬೇಗ ಮುಗಿಯುತ್ತದೆಂದು ಅದರ ಜಾಗದಲ್ಲಿ ಬೈಕಿನ ಕೇಬಲ್ ಅಥವಾ ಕಬ್ಬಿಣದ ತಂತಿ ಕಟ್ಟುವವರಿದ್ದಾರೆ. ಇದನ್ನು ಎಂದೂ ಮಾಡಬಾರದು. ತುಂಡಾದ ತಂತಿ ಗುಂಡಿನಂತೆ ಹಾರುತ್ತದೆ. ಹುಲ್ಲು ಸಿಲುಕುತ್ತದೆಂದು ಬ್ಲೇಡಿನ ಮೇಲಿನ ರಕ್ಷಾಕವಚ ಕಳಚಿಡುವುದೂ ಅಷ್ಟೇ ಅಪಾಯಕಾರಿ. ಬಿರುಕು ಬಿಟ್ಟ ಬ್ಲೇಡನ್ನು ವೆಲ್ಡಿಂಗ್ ಮಾಡಿಸಿ ಬಳಸದೆ ಎಸೆಯಬೇಕು.

ಕೊಚ್ಚುವ ರೀತಿ

ಹೆಚ್ಚಿನ ಯಂತ್ರಗಳಲ್ಲಿ, ಮೇಲಿನಿಂದ ನೋಡಿದಾಗ ಬ್ಲೇಡ್ ಗಡಿಯಾರದ ಮುಳ್ಳಿಗೆ ವಿರುದ್ಧವಾಗಿ ತಿರುಗುತ್ತದೆ. ಆದ್ದರಿಂದ ಬಲದಿಂದ ಎಡಕ್ಕೆ ಬೀಸುತ್ತಾ, ಬ್ಲೇಡಿನ ಎಡಭಾಗದಿಂದ ಕೊಚ್ಚಬೇಕು. ಬ್ಲೇಡನ್ನು ಗಡಿಯಾರವೆಂದು ಭಾವಿಸಿದರೆ 12ರಿಂದ 3ರವರೆಗಿನ ಬಲಮುಂಭಾಗ ಗಟ್ಟಿ ಬುಡಕ್ಕೋ ಕಲ್ಲಿಗೋ ತಾಗಬಾರದು. ತಾಗಿದರೆ ಯಂತ್ರ ಪಕ್ಕಕ್ಕೆ ಎಗರುತ್ತದೆ, ಕೆಲವೊಮ್ಮೆ ಹಿಡಿದವರನ್ನೂ ತಿರುಗಿಸಿಬಿಡುತ್ತದೆ. ಇಳಿಜಾರಿನಲ್ಲಿ ಮೇಲೆ ಕೆಳಗೆ ಹತ್ತಿ ಇಳಿಯದೆ ಅಡ್ಡಡ್ಡ ನಡೆಯುತ್ತಾ ಕೊಚ್ಚಬೇಕು. ಬ್ಲೇಡನ್ನು ಸೊಂಟಕ್ಕಿಂತ ಮೇಲೆತ್ತಬಾರದು. ದೀರ್ಘಕಾಲದ ಕಂಪನದಿಂದ ಬೆರಳುಗಳು ಜೋಮು ಹಿಡಿದು ಬಿಳಿಚಿಕೊಳ್ಳುವ ಕಾಯಿಲೆ ಬರಬಹುದು. ಆದ್ದರಿಂದ ಆಗಾಗ ವಿಶ್ರಾಂತಿ ಅಗತ್ಯ.

ಪೆಟ್ರೋಲ್ ಮತ್ತು ಎಣ್ಣೆ

ಟೂ ಸ್ಟ್ರೋಕ್ ಯಂತ್ರಕ್ಕೆ ಪೆಟ್ರೋಲಿನಲ್ಲಿ ಟೂ ಟಿ ಎಣ್ಣೆ ಬೆರೆಸಬೇಕು. ಅಳತೆ ಕೈಪಿಡಿಯಲ್ಲಿರುತ್ತದೆ: 25ಕ್ಕೆ 1 ಎಂದಿದ್ದರೆ ಲೀಟರಿಗೆ 40 ಮಿ.ಲೀ., 50ಕ್ಕೆ 1 ಎಂದಿದ್ದರೆ 20 ಮಿ.ಲೀ. ಎಣ್ಣೆ ಕಡಿಮೆಯಾದರೆ ಪಿಸ್ಟನ್ ಹಿಡಿದುಕೊಳ್ಳುತ್ತದೆ, ಹೆಚ್ಚಾದರೆ ಹೊಗೆ ಬಂದು ಪ್ಲಗ್ ಕಟ್ಟುತ್ತದೆ. ಫೋರ್ ಸ್ಟ್ರೋಕ್ ಯಂತ್ರದಲ್ಲಿ ಎಣ್ಣೆಗೆ ಬೇರೆಯೇ ಜಾಗವಿದೆ, ಪೆಟ್ರೋಲಿಗೆ ಬೆರೆಸಬಾರದು. ಬಿಸಿ ಎಂಜಿನ್‌ಗೆ ಪೆಟ್ರೋಲ್ ತುಂಬಬಾರದು, ಬೀಡಿ ಸಿಗರೇಟು ಹತ್ತಿರ ಸುಳಿಯಬಾರದು. ತುಂಬಿದ ಜಾಗದಿಂದ 10 ಅಡಿ ದೂರ ಹೋಗಿ ಯಂತ್ರ ಚಾಲೂ ಮಾಡಿರಿ.

ಇನ್ನೊಂದು ವಿಷಯ. ಶೇ. 20 ಎಥನಾಲ್ ಬೆರೆತ ಪೆಟ್ರೋಲಿಗೆ 2023ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲಿ ಚಾಲನೆ ದೊರೆಯಿತು. ಎಥನಾಲ್ ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ, ನಮ್ಮ ಕರಾವಳಿಯಲ್ಲಂತೂ ತೇವಕ್ಕೆ ಕೊರತೆಯಿಲ್ಲ. ಟ್ಯಾಂಕಿನಲ್ಲಿ ತಿಂಗಳುಗಟ್ಟಲೆ ಉಳಿದ ಪೆಟ್ರೋಲ್ ಕೆಟ್ಟು ಕಾರ್ಬುರೇಟರನ್ನು ಕೆಡಿಸುತ್ತದೆ. ವಾರದ ಅಗತ್ಯಕ್ಕೆ ತಕ್ಕಷ್ಟೇ ಬೆರೆಸಿರಿ. ಯಂತ್ರವನ್ನು ಎತ್ತಿಡುವ ಮುನ್ನ ಟ್ಯಾಂಕ್ ಬರಿದು ಮಾಡಿ, ತಾನಾಗಿ ನಿಲ್ಲುವ ತನಕ ಎಂಜಿನ್ ಓಡಿಸಿರಿ.

ನಿರ್ವಹಣೆ

ಬ್ಲೇಡಿಗೆ ಕೈ ಹಾಕುವ ಮುನ್ನ ಎಂಜಿನ್ ನಿಲ್ಲಿಸಿ ಪ್ಲಗ್ಗಿನ ಕ್ಯಾಪ್ ತೆಗೆಯಬೇಕು. ಬ್ಲೇಡಿನ ನಟ್ಟು ಹೆಚ್ಚಿನ ಯಂತ್ರಗಳಲ್ಲಿ ಉಲ್ಟಾ ಮರೆಯದು, ಬಿಚ್ಚಲು ಗಡಿಯಾರದ ಮುಳ್ಳಿನ ದಿಕ್ಕಿಗೆ ತಿರುಗಿಸಬೇಕು. ಏರ್ ಫಿಲ್ಟರನ್ನು ದಿನದ ಕೆಲಸ ಮುಗಿದೊಡನೆ ಸ್ವಚ್ಛಗೊಳಿಸಿ, ಗೇರ್ ಬಾಕ್ಸಿಗೆ ಸುಮಾರು 25 ಗಂಟೆಗಳ ಕೆಲಸಕ್ಕೊಮ್ಮೆ ಗ್ರೀಸ್ ತುಂಬಿರಿ. ಆಕ್ಸಿಲರೇಟರ್ ಬಿಟ್ಟ ಮೇಲೂ ಬ್ಲೇಡ್ ತಿರುಗುತ್ತಲೇ ಇದ್ದರೆ ದುರಸ್ತಿಯಾಗುವ ತನಕ ಯಂತ್ರ ಬಳಸಬೇಡಿ.

ಅವಘಡವಾದರೆ

ಕಣ್ಣಿಗೆ ಏನಾದರೂ ನಾಟಿದರೆ ಉಜ್ಜಬಾರದು, ಕೀಳಬಾರದು, ತೊಳೆಯಲೂ ಬಾರದು. ಕಾಗದದ ಲೋಟವನ್ನು ಒತ್ತದಂತೆ ಕಣ್ಣಿನ ಮೇಲಿಟ್ಟು ಅಂಟಿಸಿ, ಕೂಡಲೇ ಕಣ್ಣಿನ ಆಸ್ಪತ್ರೆಗೆ ಕರೆದೊಯ್ಯಿರಿ. ಗಾಯದಿಂದ ರಕ್ತ ಹರಿಯುತ್ತಿದ್ದರೆ ಶುದ್ಧ ಬಟ್ಟೆಯಿಂದ ಬಲವಾಗಿ ಒತ್ತಿಹಿಡಿದು 108ಕ್ಕೆ ಕರೆ ಮಾಡಿರಿ. ಹಾವು ಕಚ್ಚಿದರೆ ಕೊಯ್ಯುವುದು, ಚೀಪುವುದು, ಬಿಗಿಯಾಗಿ ಕಟ್ಟುವುದು ಬೇಡ. ಅಲುಗಾಡದಂತೆ ಇರಿಸಿ, ಪ್ರತಿವಿಷ ಸಿಗುವ ಆಸ್ಪತ್ರೆಗೆ ಸಾಗಿಸಿರಿ.

ಮಾಡಿಸುವವರ ಹೊಣೆ

ಹುಲ್ಲು ಕೊಚ್ಚಲು ಬರುವವರು ಹೆಚ್ಚಾಗಿ ದಿನಗೂಲಿಯವರು. ಶ್ರಮದಾನವಾದರೆ ನಮ್ಮದೇ ಯುವಜನರು. "ಅವರಿಗೆ ಅಭ್ಯಾಸವಿದೆ" ಎಂದು ನಾವು ಸುಮ್ಮನಾಗುತ್ತೇವೆ. ಅಭ್ಯಾಸ ಕಣ್ಣನ್ನು ಕಾಯುವುದಿಲ್ಲ. ಒಂದು ಸುರಕ್ಷತಾ ಕನ್ನಡಕದ ಬೆಲೆ ಯಂತ್ರ ತರುವವರ ಒಂದು ದಿನದ ಕೂಲಿಗಿಂತ ಕಡಿಮೆ. ಪ್ರತಿಯೊಂದು ಧರ್ಮಕೇಂದ್ರದಲ್ಲೂ ಎರಡು ಜೊತೆ ಕನ್ನಡಕ, ಇಯರ್ ಮಫ್, ಗಮ್ ಬೂಟ್ ಇರಲಿ. ಅವನ್ನು ಧರಿಸದವರ ಕೈಗೆ ಯಂತ್ರ ಕೊಡುವುದಿಲ್ಲ ಎಂದು ಪಾಲನಾ ಮಂಡಳಿ ನಿರ್ಧರಿಸಲಿ. ಗುರ್ಕಾರರು ತಮ್ಮ ವಾರ್ಡಿನ ಮನೆಗಳಿಗೂ ಈ ಮಾತು ತಲುಪಿಸಲಿ.

ಜೊತೆಗೆ, ದಿನಗೂಲಿಯವರಿಗೆ ಪ್ರಧಾನ ಮಂತ್ರಿ ಸುರಕ್ಷಾ ಬಿಮಾ ಯೋಜನೆಯ ಬಗ್ಗೆ ತಿಳಿಸಿರಿ. 2015ರಲ್ಲಿ ಆರಂಭವಾದ ಈ ಅಪಘಾತ ವಿಮೆಗೆ 2022ರ ಜೂನ್‌ನಿಂದ ವರ್ಷಕ್ಕೆ 20 ರೂಪಾಯಿ ಕಂತು. ಬ್ಯಾಂಕ್ ಅಥವಾ ಅಂಚೆ ಕಚೇರಿಯಲ್ಲಿ ಖಾತೆಯಿರುವ 18ರಿಂದ 70 ವರ್ಷದವರು ಸೇರಬಹುದು. ಅಪಘಾತದಲ್ಲಿ ಮರಣವಾದರೆ ಅಥವಾ ಎರಡೂ ಕಣ್ಣು ಹೋದರೆ 2 ಲಕ್ಷ, ಒಂದು ಕಣ್ಣಿನ ದೃಷ್ಟಿ ಪೂರ್ತಿ ಹೋದರೆ 1 ಲಕ್ಷ ರೂಪಾಯಿ ದೊರೆಯುತ್ತದೆ. ಬರುವ ಕೆಲಸಗಾರರಲ್ಲಿ ಈ ವಿಮೆ ಇದೆಯೇ ಎಂದು ಕೇಳಿರಿ. ಇಲ್ಲದಿದ್ದರೆ ಆ 20 ರೂಪಾಯಿಯನ್ನು ನಾವೇ ಕೊಟ್ಟು, ಅರ್ಜಿ ತುಂಬಲು ನೆರವಾಗೋಣ.

ಗತಿಸಿದವರ ಸಮಾಧಿ ಶುಚಿಯಾಗಿರಬೇಕು ಎಂಬ ನಮ್ಮ ಕಾಳಜಿ ಒಳ್ಳೆಯದೇ. ಅದನ್ನು ಶುಚಿಗೊಳಿಸುವವರು ಸಂಜೆ ಸುರಕ್ಷಿತವಾಗಿ ಮನೆ ಸೇರಬೇಕು ಎಂಬ ಕಾಳಜಿ ಅದಕ್ಕಿಂತ ಮೊದಲು ಬರಲಿ.