ಹೆಬ್ಬೆಟ್ಟಿನ ಗುರುತೂ ರೈತನ ಹಣವೂ

ಹಿಡುವಳಿದಾರನು ತಾನು ಇಂಥವನೇ ಎಂಬುದನ್ನು ರುಜುವಾತುಪಡಿಸಬೇಕಾದ ಸಂದರ್ಭವು ಹಿಂದಿನ ಕಾಲದಲ್ಲಿ ಅಪರೂಪವಾಗಿದ್ದಿತು. ಊರಿನ ಪಟೇಲನೂ ಶಾನುಭೋಗನೂ ಪ್ರತಿಯೊಬ್ಬನನ್ನೂ ಅವನ ತಂದೆತಾತಂದಿರ ಹೆಸರಿನಿಂದ ಬಲ್ಲವರಾಗಿದ್ದರು. ಅವರು ಕಚೇರಿಯಲ್ಲಿ ‘ಇವನು ನಮ್ಮೂರಿನವನು’ ಎಂದರೆ ಸಾಕಾಗುತ್ತಿದ್ದಿತು. ಬರೆಯಲು ಬಾರದವನು ಪತ್ರಕ್ಕೆ ಹೆಬ್ಬೆಟ್ಟು ಒತ್ತುತ್ತಿದ್ದನು. ಈ ಗುರುತಿನ ಬೆಲೆಯನ್ನು ಸರ್ಕಾರದವರು ಮನಗಂಡ ಬಗೆ ಸ್ವಾರಸ್ಯವಾಗಿದೆ. 1858ನೆಯ ಇಸವಿಯಲ್ಲಿ ಬಂಗಾಳದ ಜಂಗೀಪುರದಲ್ಲಿ ಅಧಿಕಾರಿಯಾಗಿದ್ದ ವಿಲಿಯಂ ಹರ್ಷೆಲ್ ಎಂಬವರು, ರಸ್ತೆಯ ಸಾಮಾನನ್ನು ಒದಗಿಸುವ ಕರಾರುಪತ್ರವೊಂದರ ಮೇಲೆ ಗುತ್ತಿಗೆದಾರನ ಅಂಗೈಯ ಗುರುತನ್ನು ಒತ್ತಿಸಿಕೊಂಡರು. ಕೈಯನ್ನೇ ಒತ್ತಿದವನು ಮುಂದೆ ‘ಇದು ನನ್ನ ರುಜುವಲ್ಲ’ ಎನ್ನಲಾರನೆಂಬುದು ಅವರ ಎಣಿಕೆ. 1897ರಲ್ಲಿ ಕಲ್ಕತ್ತೆಯಲ್ಲಿ ಬೆರಳಚ್ಚುಗಳ ಕಚೇರಿಯೇ ಏರ್ಪಟ್ಟಿತು. ಕಾಗದದ ಮೇಲಿನ ಆ ಹೆಬ್ಬೆಟ್ಟು ಈಗ ಗಾಜಿನ ಮೇಲೆ ಬೀಳುತ್ತಿದೆ.

2010ನೆಯ ಇಸವಿ ಸೆಪ್ಟೆಂಬರ್ 29ರಂದು ಮಹಾರಾಷ್ಟ್ರದ ನಂದುರ್‌ಬಾರ್ ಜಿಲ್ಲೆಯ ಟೆಂಭ್ಲಿ ಗ್ರಾಮದಲ್ಲಿ ಮೊದಲಾದ ಆಧಾರ್ ಸಂಖ್ಯೆಯು 12 ಅಂಕಿಗಳದು. ಇದಕ್ಕೆ 2016ರಲ್ಲಿ ಕಾನೂನಾಯಿತು. ಬೆರಳನ್ನು ಒತ್ತಿದಾಗ ಯಂತ್ರವು ಅದರ ಗುರುತನ್ನು ಕೇಂದ್ರದಲ್ಲಿರುವ ಗುರುತಿನೊಡನೆ ಹೋಲಿಸಿ, ಹೌದು ಅಥವಾ ಅಲ್ಲ ಎಂದು ಉತ್ತರವನ್ನು ತರಿಸುವುದು. ಪಿ.ಎಂ. ಕಿಸಾನ್ ಯೋಜನೆಯಲ್ಲಿ ವರ್ಷಕ್ಕೆ ಮೂರು ಕಂತುಗಳಲ್ಲಿ ಬರುವ 6000 ರೂಪಾಯಿಗೂ ಈ ಪರಿಶೀಲನೆಯು ಅವಶ್ಯಕ. ನಮ್ಮ ರಾಜ್ಯದಲ್ಲಿ ಪಹಣಿಗಳಿಗೆ ಆಧಾರನ್ನು ಜೋಡಿಸುವ ಕೆಲಸವನ್ನು ಕಂದಾಯ ಇಲಾಖೆಯವರು 2024ರಲ್ಲಿ ಭರದಿಂದ ನಡೆಸಿದರು. ಒಬ್ಬನ ಜಮೀನನ್ನು ಮತ್ತೊಬ್ಬನು ಅವನ ಹೆಸರಿನಲ್ಲಿ ನಿಂತು ಕ್ರಯಕ್ಕೆ ಕೊಡುವ ಮೋಸವನ್ನು ತಡೆಯುವುದೇ ಇದರ ಉದ್ದೇಶ.

ಇಷ್ಟರಮಟ್ಟಿಗೆ ಏರ್ಪಾಡು ಒಳ್ಳೆಯದೇ. ಆದರೆ ಬೀಗದ ಕೈ ಕಳೆದರೆ ಬೀಗವನ್ನು ಬದಲಾಯಿಸಬಹುದು, ಬೆರಳನ್ನು ಬದಲಾಯಿಸಲಾಗದು. ಹಳ್ಳಿಗಳಲ್ಲಿ ಕೈಯಂತ್ರವನ್ನು ಹಿಡಿದು ಬರುವ ಬ್ಯಾಂಕಿನ ಪ್ರತಿನಿಧಿಯಿಂದ ಹಣ ಪಡೆಯಲು ಬ್ಯಾಂಕಿನ ಹೆಸರು, ಆಧಾರ್ ಸಂಖ್ಯೆ, ಬೆರಳು, ಇವು ಮೂರೇ ಸಾಕು. ಗುಟ್ಟಿನ ಅಂಕಿಯನ್ನು ಯಾರೂ ಕೇಳುವುದಿಲ್ಲ. ಓದುಬಾರದ ಮುದುಕಿಗೆ ಇದು ದೊಡ್ಡ ಉಪಕಾರ. ಕಳ್ಳನಿಗೂ ಅಷ್ಟೇ ಅನುಕೂಲ. 2023ರಲ್ಲಿ ಬೆಂಗಳೂರಿನಲ್ಲಿ, ನೋಂದಣಿಯಾದ ಆಸ್ತಿಪತ್ರಗಳ ನಕಲುಗಳಿಂದ ಬೆರಳಚ್ಚನ್ನೂ ಆಧಾರ್ ಸಂಖ್ಯೆಯನ್ನೂ ತೆಗೆದು, ಮೇಣದಂಥ ವಸ್ತುವಿನಲ್ಲಿ ಕೃತಕ ಬೆರಳುಗಳನ್ನು ಮಾಡಿ, ಪತ್ರ ಮಾಡಿಸಿದವರ ಖಾತೆಗಳಿಂದ ಹಣವನ್ನು ಎಳೆದ ಪ್ರಕರಣಗಳು ಪೋಲೀಸಿನವರ ಮುಂದೆ ಬಂದವು. ಯಾವ ಹೆಬ್ಬೆಟ್ಟು ಜಮೀನಿಗೆ ಕಾವಲಾಗಿದ್ದಿತೋ ಅದೇ ಖಾತೆಗೆ ಕನ್ನವಾಯಿತು. ಒತ್ತಿದ್ದು ಜೀವಂತ ಬೆರಳೇ ಅಲ್ಲವೇ ಎಂದು ನೋಡುವ ಹೊಸ ಪರೀಕ್ಷೆಯನ್ನು ಆಧಾರ್ ಪ್ರಾಧಿಕಾರದವರು ಆ ವರ್ಷವೇ ಜಾರಿಗೆ ತಂದರು.

ಇದಕ್ಕಿಂತಲೂ ಸುಲಭವಾದ ಮತ್ತೊಂದು ಮೋಸವುಂಟು, ಮತ್ತು ಇದು ಊರೊಳಗೇ ನಡೆಯುವುದು. ‘ಬೆರಳು ಸರಿಯಾಗಿ ಕೂಡಲಿಲ್ಲ, ಇನ್ನೊಮ್ಮೆ ಒತ್ತು’ ಎಂದು ಹೇಳಿ, ಎರಡು ಬಾರಿ ಹಣ ತೆಗೆದು ಒಂದು ಬಾರಿಯದನ್ನು ಮಾತ್ರ ಕೈಗೆ ಕೊಡುವುದು. ಗುದ್ದಲಿ, ಸುಣ್ಣ, ಗೊಬ್ಬರಗಳಿಂದ ಬೆರಳಿನ ಗೆರೆ ಸವೆದಿರುವ ಒಕ್ಕಲು ಮಗನು ಈ ಮಾತನ್ನು ನಂಬದಿರುವುದೆಂತು? ಪ್ರತಿ ಬಾರಿ ಒತ್ತಿದ್ದಕ್ಕೂ ರಸೀತಿಯನ್ನು ಕೇಳಿ ಪಡೆಯುವಂತೆಯೂ, ತಿಂಗಳಿಗೊಮ್ಮೆ ಪಾಸ್‌ಬುಕ್ಕಿನಲ್ಲಿ ಲೆಕ್ಕ ಹಾಕಿಸಿಕೊಳ್ಳುವಂತೆಯೂ ಗ್ರಾಮದ ಮುಖಂಡರು ಜನಗಳಿಗೆ ಬುದ್ಧಿ ಹೇಳತಕ್ಕದ್ದು.

ಬೆರಳಿಗೂ ಬೀಗ ಹಾಕುವ ಸೌಲಭ್ಯವಿದೆಯೆಂಬುದು ಬಹು ಜನಗಳಿಗೆ ತಿಳಿಯದು. ಆಧಾರಿಗೆ ಜೋಡಿಸಿದ ಮೊಬೈಲು ಇದ್ದರೆ, ಪ್ರಾಧಿಕಾರದ ಜಾಲತಾಣದಲ್ಲಿ ಬೆರಳು, ಕಣ್ಣು, ಮುಖಗಳ ಗುರುತನ್ನು ಬಂಧಿಸಿಡಬಹುದು. ಆಗ ಕೃತಕ ಬೆರಳು ಕೆಲಸಕ್ಕೆ ಬಾರದು. ಆದರೆ ನಿಜವಾದ ಬೆರಳೂ ಬಾರದು. ಪಡಿತರಕ್ಕೆ ಹೋಗುವ ದಿನ ಬೀಗ ತೆಗೆಯಬೇಕೆಂಬುದನ್ನು ಮನೆಯವರಿಗೆಲ್ಲ ತಿಳಿಸದಿದ್ದರೆ, ಮನೆಯ ಹೆಂಗಸು ನ್ಯಾಯಬೆಲೆ ಅಂಗಡಿಯಿಂದ ಬರಿಗೈಯಲ್ಲಿ ಹಿಂದಿರುಗುವಳು.

ಬೆರಳು ಹೊಂದದವರ ಕಷ್ಟವನ್ನೂ ಇಲ್ಲಿಯೇ ಹೇಳಬೇಕು. ಈ ಕಾರಣದಿಂದ ಪಡಿತರವನ್ನು ನಿರಾಕರಿಸಕೂಡದೆಂದು ಕೇಂದ್ರದ ಆಹಾರ ಇಲಾಖೆಯವರು 2017ರ ಅಕ್ಟೋಬರಿನಲ್ಲಿಯೇ ಆಜ್ಞೆ ಮಾಡಿದರು. ಪಿ.ಎಂ. ಕಿಸಾನಿಗೆ ಬೆರಳಲ್ಲದೆ ಮೊಬೈಲಿಗೆ ಬರುವ ಒ.ಟಿ.ಪಿ. ಅಂಕಿಯಿಂದಲೂ, 2023ರಿಂದ ಮುಖವನ್ನು ತೋರಿಸುವುದರಿಂದಲೂ ಪರಿಶೀಲನೆ ಮಾಡಿಸಬಹುದು. ಅಂಗಡಿಯವನ ಮುಂದೆ ಕೂಲಿಯವನ ಮಾತು ನಡೆಯದಿರಬಹುದು. ಊರಿನ ಹಿರಿಯರೊಬ್ಬರು ಜೊತೆಗೆ ಹೋದರೆ ನಡೆಯುವುದು.

ಭೂಮಾಲೀಕರು ತಮ್ಮ ಮನೆಯಲ್ಲಿಯೂ ಒಂದು ಕ್ರಮವನ್ನು ತಿದ್ದಿಕೊಳ್ಳಬೇಕಾಗಿದೆ. ಆಳುಕಾಳುಗಳ ಆಧಾರ್ ನಕಲುಗಳನ್ನು ಕಂತೆ ಕಟ್ಟಿ ಜಗಲಿಯ ಬೀರುವಿನಲ್ಲಿ ಇಡುವುದು ಅನೇಕ ಕಡೆ ವಾಡಿಕೆಯಾಗಿದೆ. ಇದು ಪರರ ಪೆಟ್ಟಿಗೆಯ ಬೀಗದ ಕೈಯನ್ನು ಬೀದಿಯಲ್ಲಿ ಇಟ್ಟಂತೆ. ಮೊದಲ 8 ಅಂಕಿಗಳನ್ನು ಮರೆಮಾಡಿ ಕೊನೆಯ 4 ಅಂಕಿಗಳನ್ನು ಮಾತ್ರ ತೋರಿಸುವ ಪ್ರತಿಯು ಪ್ರಾಧಿಕಾರದಿಂದಲೇ ದೊರೆಯುವುದು. ಬಹುಮಟ್ಟಿನ ಕೆಲಸಗಳಿಗೆ ಅದೇ ಸಾಕು. ಖಾಸಗಿತನವು ಮೂಲಭೂತ ಹಕ್ಕೆಂದು ಸುಪ್ರೀಂ ಕೋರ್ಟು 2017ರಲ್ಲಿ ತೀರ್ಪಿತ್ತದ್ದು ಕರ್ನಾಟಕದ ನಿವೃತ್ತ ನ್ಯಾಯಾಧೀಶರಾಗಿದ್ದ ಕೆ.ಎಸ್. ಪುಟ್ಟಸ್ವಾಮಿಯವರ ಅರ್ಜಿಯ ಮೇಲೆಯೇ. ಆ ಹಕ್ಕು ಆಳಿಗೂ ಉಂಟು.

ಇನ್ನು ಕಂತಿನ ಹಣ ನಿಂತಿದೆಯೆಂದು ಹೆದರಿಸಿ ವಾಟ್ಸಾಪಿನಲ್ಲಿ ಬರುವ ಕಡತಗಳನ್ನು ತೆರೆಯಲೇಕೂಡದು; ತೆರೆದರೆ ಮೊಬೈಲೇ ಪರರ ವಶವಾಗುವುದು. ಒ.ಟಿ.ಪಿ. ಅಂಕಿಯನ್ನು ಯಾವ ಅಧಿಕಾರಿಯೂ ಫೋನಿನಲ್ಲಿ ಕೇಳುವುದಿಲ್ಲ.

ಹಣ ಹೋಯಿತೆಂದು ತಿಳಿದೊಡನೆ 1930ಕ್ಕೆ ಫೋನು ಮಾಡಿ, ಬ್ಯಾಂಕಿಗೂ ಬರವಣಿಗೆಯಲ್ಲಿ ತಿಳಿಸತಕ್ಕದ್ದು. ರಿಸರ್ವ್ ಬ್ಯಾಂಕಿನವರು 2017ರ ಜುಲೈನಲ್ಲಿ ಹೊರಡಿಸಿದ ಸುತ್ತೋಲೆಯ ಮೇರೆಗೆ, ಖಾತೆದಾರನದೂ ಬ್ಯಾಂಕಿನದೂ ತಪ್ಪಿಲ್ಲದ ಕಳವನ್ನು ಮೂರು ಕೆಲಸದ ದಿನಗಳೊಳಗೆ ತಿಳಿಸಿದರೆ ನಷ್ಟವು ಖಾತೆದಾರನ ಮೇಲೆ ಬೀಳದು. ತಾನೇ ಅಂಕಿಯನ್ನು ಹೇಳಿಕೊಟ್ಟವನಾದರೆ ತಿಳಿಸುವವರೆಗಿನ ನಷ್ಟವು ಅವನದು, ತಿಳಿಸಿದ ನಂತರದ್ದು ಬ್ಯಾಂಕಿನದು. ಆದಕಾರಣ ನಾಚಿಕೆಪಟ್ಟು ಸಂತೆಯ ದಿನದವರೆಗೆ ಸುಮ್ಮನಿರದೆ, ಆ ಗಳಿಗೆಯಲ್ಲಿಯೇ ತಿಳಿಸಿ, ದೂರಿನ ಸಂಖ್ಯೆಯನ್ನು ಪಾಸ್‌ಬುಕ್ಕಿನ ಮೇಲೆ ಬರೆಯಿಸಿಟ್ಟುಕೊಳ್ಳತಕ್ಕದ್ದು.