‘ಪಾಳು ಜಾಗ’ ಎಂದು ಬರೆದವನ ಪ್ರಾಯಶ್ಚಿತ್ತ

1983ರಲ್ಲಿ ನಾನು ಕುಮಟಾ ತಾಲೂಕಿನ ಬ್ಯಾಂಕ್ ಶಾಖೆಯೊಂದರಲ್ಲಿ ಗುಮಾಸ್ತನಾಗಿದ್ದೆ. ಅಘನಾಶಿನಿ ನದಿ ಸಮುದ್ರ ಸೇರುವ ಅಳಿವೆಯ ಸುತ್ತಲಿನ ರೈತರು ಸಾಲಕ್ಕೆ ಬರುತ್ತಿದ್ದರು. ಅಲ್ಲಿಯ ಗದ್ದೆಗಳಿಗೆ ಗಜನಿ ಎಂದು ಹೆಸರು. ಮಳೆಗಾಲದಲ್ಲಿ ಉಪ್ಪು ತಾಳುವ ಕಗ್ಗ ಭತ್ತ. ಕೊಯ್ಲಾದ ಮೇಲೆ ಅದೇ ಗದ್ದೆಯಲ್ಲಿ ಸಿಗಡಿ, ಮೀನು. ಉಪ್ಪುನೀರು ತಡೆಯಲು ಸುತ್ತಲೂ ಮಣ್ಣಿನ ಕಟ್ಟೆ.

ಸಿಗಡಿಗೆ ಒಳ್ಳೆಯ ಬೆಲೆ ಬಂತು. ಕೊಳ ತೋಡಲು ಕಟ್ಟೆಯಾಚೆಯ ಕಾಂಡ್ಲಾ ಗಿಡಗಳನ್ನು ಕೆಲವರು ಕಡಿದರು. ಸಾಲದ ಕಾಗದದಲ್ಲಿ ಆ ಜಾಗಕ್ಕೆ ‘ಪಾಳು’ ಎಂದು ಬರೆದವನು ನಾನೇ.

ಎರಡು ವರ್ಷದ ಹಿಂದೆ, ಮಳೆ ಬಿಡುವು ಕೊಟ್ಟ ಒಂದು ದಿನ, ಆರನೇ ತರಗತಿಯ ಮೊಮ್ಮಗಳೊಂದಿಗೆ ಅಲ್ಲಿಗೆ ಹೋದೆ. ಗಿಡ ಕಡಿದ ಕಡೆ ಕಟ್ಟೆ ಕುಸಿದು, ಗದ್ದೆಯ ತುಂಬ ಉಪ್ಪುನೀರು. ಗಿಡ ಉಳಿದ ಕಡೆ ಕಟ್ಟೆ ಗಟ್ಟಿಯಾಗಿತ್ತು. ನನ್ನ ಗುರುತು ಹಿಡಿದ ಹಿರಿಯ ರೈತರೊಬ್ಬರು, “ಬ್ಯಾಂಕಿನವರೇ, ಸಾಲ ಎಂದೋ ತೀರಿತು. ಕಟ್ಟೆ ರಿಪೇರಿ ಮಾತ್ರ ತೀರಲೇ ಇಲ್ಲ” ಎಂದರು. ನನಗೆ ಉತ್ತರ ಹೊಳೆಯಲಿಲ್ಲ.

“ಅಜ್ಜ, ಈ ಬೇರುಗಳು ಅಲೆಯನ್ನು ಹೇಗೆ ನಿಲ್ಲಿಸ್ತವೆ?” ಎಂದಳು ಮೊಮ್ಮಗಳು. ಮಕ್ಕಳೇ, ಅವು ನಿಲ್ಲಿಸುವುದಿಲ್ಲ, ನಿಧಾನ ಮಾಡುತ್ತವೆ. ಕೊಡೆಯ ಕಡ್ಡಿಗಳಂತೆ ಹರಡಿದ ಬೇರುಗಳ ನಡುವೆ ನುಗ್ಗಿದ ನೀರಿನ ವೇಗ ಕುಗ್ಗುತ್ತದೆ. ನಿಧಾನವಾದ ನೀರು ಹೊತ್ತು ತಂದ ಕೆಸರನ್ನು ಅಲ್ಲೇ ಇಳಿಸುತ್ತದೆ. ಹೀಗೆ ದಂಡೆ ಕರಗುವ ಬದಲು ಬೆಳೆಯುತ್ತದೆ. ಮೀನಿನ ಮರಿಗಳಿಗೂ ಏಡಿಗಳಿಗೂ ಆ ಬೇರುಗಳೇ ಮನೆ.

ಕಾಂಡ್ಲಾ ಬೀಜ ತಾಯಿಮರದ ಮೇಲೇ ಮೊಳೆಯುತ್ತದೆ! ನುಗ್ಗೆಕಾಯಿಯಂತೆ ಉದ್ದಕ್ಕೆ ಜೋತುಬಿದ್ದು, ಬಲಿತಾಗ ಕೆಳಗೆ ಬೀಳುತ್ತದೆ. ಅಂಥ ನಲವತ್ತು ಮೊಳಕೆಗಳನ್ನು ಆಯ್ದು, ಇಳಿತದ ಹೊತ್ತಿನಲ್ಲಿ ಕೆಸರಿಗೆ ಊರಿದೆವು. ನೀರಿನ ಹತ್ತಿರ ನೆಟ್ಟರೆ ಬೇಗ ಬೆಳೆಯುತ್ತದೆಂದು ಅರ್ಧವನ್ನು ತೀರಾ ಕೆಳಗೆ ನೆಟ್ಟೆ. ರೈತರು, “ಅಲ್ಲಿ ಬೇಡ” ಎಂದರೂ ಕೇಳಲಿಲ್ಲ. ಕಾಂಡ್ಲಾಕ್ಕೆ ಭರತದಲ್ಲಿ ನೀರು ಬೇಕು, ಇಳಿತದಲ್ಲಿ ಗಾಳಿಯೂ ಬೇಕು. ಸದಾ ನೀರಲ್ಲಿದ್ದರೆ ಉಸಿರುಕಟ್ಟಿ ಸಾಯುತ್ತದೆ. ಮರುವರ್ಷ ಹೋದಾಗ ನಾನು ಕೆಳಗೆ ನೆಟ್ಟವು ಒಂದೂ ಇರಲಿಲ್ಲ. ಮೊಮ್ಮಗಳು ರೈತರ ಮಾತು ಕೇಳಿ ಮೇಲೆ ನೆಟ್ಟದ್ದರಲ್ಲಿ ಹದಿಮೂರು ಉಳಿದಿದ್ದವು. ಎರಡು ಗಿಡಗಳಿಗೆ ಪ್ಲಾಸ್ಟಿಕ್ ಚೀಲ ಸುತ್ತಿಕೊಂಡಿತ್ತು, ಬಿಡಿಸಿದೆವು.

2024ರಲ್ಲಿ ಅಘನಾಶಿನಿ ಅಳಿವೆ ರಾಮ್‌ಸರ್ ಪಟ್ಟಿಗೆ ಸೇರಿತು. ಜಗತ್ತಿನ ಮಹತ್ವದ ಜೌಗು ಪ್ರದೇಶಗಳ ಪಟ್ಟಿ ಅದು. ಸಂತೋಷ. ಆದರೆ ಕಟ್ಟೆ ಕಾಯುವವರು ದಂಡೆಯ ಜನರೇ.

ಅಜ್ಜ-ಅಜ್ಜಿಯರೇ, ಗೋಕರ್ಣದ ಕಡೆ ಹೋದರೆ ಇಳಿತದ ಹೊತ್ತಿಗೆ ಮೊಮ್ಮಕ್ಕಳನ್ನು ಅಳಿವೆಗೂ ಕರೆದೊಯ್ಯಿರಿ. ಗಿಡ ನೆಡುವ ಆಸೆಯಾದರೆ ಮೊದಲು ಊರಿನವರನ್ನು ಕೇಳಿ. ನಾನು ಎರಡು ಸಲ ಕೇಳದೆ ಕೆಟ್ಟವನು.